ಕಟ್ಟಕ್ಕೆ ಹೇಳಿಕೆ

ನಕ್ಷೆಯಲ್ಲಿ ಮನೆಗಳೇ ಇರಲಿಲ್ಲ. ಇದು ಗೊತ್ತಾಗಲು ಜಯವರ್ಮ ಅರಿಗರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಯಾಕೆಂದರೆ ಅದನ್ನು ಶಾಲೆಯ ಕರಿಹಲಗೆಯ ಮೇಲೆ ತೂಗುಹಾಕಿದ ಕ್ಷಣದಿಂದ, ಅಲ್ಲಿ ನೆರೆದ ಎಲ್ಲರ ಹಾಗೆ, ಅವರೂ ಯಾರಿಗೂ ತಿಳಿಯದಂತೆ ತಮ್ಮ ಮನೆಯನ್ನೇ ಹುಡುಕುತ್ತಿದ್ದರು. ಕುಳಿತದ್ದು ಮೂರನೆಯ ತರಗತಿಯ ಮಕ್ಕಳ ಬೆಂಚಿನಲ್ಲಿ. ಮೊಣಕಾಲು ಎದೆಗೆ ಬರುತ್ತಿತ್ತು. ಕೋಣೆಯಲ್ಲಿದ್ದ ಒಂದೇ ಕುರ್ಚಿ ಬಂಟ್ವಾಳದ ಮಣ್ಣು ಸಮೀಕ್ಷೆಯ ಕಚೇರಿಯಿಂದ ಬಂದ ಉದಯಶಂಕರನಿಗೆ ಮೀಸಲಾಗಿತ್ತು. ಅವನೋ ಅದರಲ್ಲಿ ಕೂರದೆ ಕೈಯಲ್ಲಿ ಕೋಲು ಹಿಡಿದು ನಿಂತಿದ್ದ. ಖಾಲಿ ಕುರ್ಚಿಯನ್ನು ನೋಡುವುದೂ ಬೇಡ, ನೋಡದೆ ಇರುವುದೂ ಕಷ್ಟ. ಹಿಂದೆಲ್ಲ ಪುತ್ತಿಗೆಯ ಈ ಮೂಲೆಗೆ ಯಾವ ಅಧಿಕಾರಿ ಬಂದರೂ ಕುರ್ಚಿ ಅರಿಗರ ಮನೆಯಿಂದಲೇ ಬರಬೇಕಿತ್ತು, ಒಂದಲ್ಲ, ಎರಡು. ಎರಡನೆಯದು ಯಾರಿಗೆಂದು ಯಾರೂ ಕೇಳುತ್ತಿರಲಿಲ್ಲ. ಎಲ್ಲಕ್ಕಿಂತ ಮುಂದಿನ ಬೆಂಚು ಖಾಲಿ ಇದ್ದುದರಿಂದ ಅವರು ಇಲ್ಲಿ ಕುಳಿತಿದ್ದರು, ಅಥವಾ ಅವರು ಕುಳಿತದ್ದರಿಂದ ಬೆಂಚು ಖಾಲಿ ಉಳಿದಿತ್ತು. ಎರಡರಲ್ಲಿ ಯಾವುದು ನಿಜವೆಂದು ಯೋಚಿಸುತ್ತಲೇ ಅವರು ಎಲ್ಲರಿಗಿಂತ ನಕ್ಷೆಗೆ ಹತ್ತಿರದವರಾಗಿಬಿಟ್ಟರು.

“ಮನೆ ಎಲ್ಲಿ ಮಾರಾಯ್ರೆ?” ಎಂದು ಕೊನೆಗೂ ಬಾಯಿಬಿಟ್ಟವನು ಅಬ್ಬಾಸ್. ಅವನಿಗೆ ಪೇಟೆಯಲ್ಲಿ ಪಂಪ್‌ಸೆಟ್ ರಿಪೇರಿಯ ಅಂಗಡಿ, ಊರಿನ ನಡುವೆ ಹರಿಯುವ ತೋಡಿನ ಮೇಲುಭಾಗದಲ್ಲಿ ಸ್ವಲ್ಪ ಜಾಗೆ.

“ಇದರಲ್ಲಿ ಮನೆ ಹಾಕುವ ಕ್ರಮ ಇಲ್ಲ,” ಎಂದ ಉದಯಶಂಕರ. “ಮಣ್ಣು, ಇಳಿಜಾರು, ನೀರು, ಕಾಡು, ಇಷ್ಟೇ. ಗುಡ್ಡದ ತಲೆಯಿಂದ ಹೊಳೆಯವರೆಗೆ ಇಡೀ ಪ್ರದೇಶ ಒಟ್ಟಿಗೆ ಉಂಟು. ಯಾರದ್ದು ಎಲ್ಲಿ ಅಂತ ಇದಕ್ಕೆ ಗೊತ್ತಿಲ್ಲ.”

“ಮನೆಯೂ ಇಲ್ಲ, ಗಡಿಯೂ ಇಲ್ಲ. ಮತ್ತೆ ಇದು ನಮ್ಮೂರು ಅಂತ ನಂಬುವುದು ಹೇಗೆ? ಬೆಳ್ತಂಗಡಿಯದ್ದು ಆಗಿದ್ರೆ?”

ಎಲ್ಲರೂ ನಕ್ಕರು. ನಗೆಯಲ್ಲಿ ಬೇರೆಯೇ ಒಂದು ಸಮಾಧಾನ ಇತ್ತು, ಅದು ಅರಿಗರಿಗೆ ಅರ್ಥವಾಯಿತು. ಬಂದವರಲ್ಲಿ ಹೆಚ್ಚಿನವರ ಅಂಗಿಯ ಕಿಸೆ ಉಬ್ಬಿಕೊಂಡಿತ್ತು. ಒಳಗೆ ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟ, ಭೂಮಿಗೆ ತೀರ್ವೆ ಕಟ್ಟಿದ ರಶೀದಿಗಳು. ಉಳುವವನಿಗೇ ಭೂಮಿ ಎಂಬ ಕಾನೂನು ಬಂದು, ಒಕ್ಕಲುಗಳೆಲ್ಲ ಅರ್ಜಿ ಹಾಕಿ, ಬೈಲಿನ ಬಹುಪಾಲು ಗದ್ದೆ ಅರಿಗರ ಮನೆಯಿಂದ ಅವರ ಕೈಗೆ ಹೋಗಿ ವರ್ಷಗಳಾಗಿದ್ದವು. ಆ ಅರ್ಜಿಗೆ ಊರಿನಲ್ಲಿ ಡಿಕ್ಲರೇಶನ್ ಎಂದು ಹೆಸರು. ಈಗ ಸರ್ಕಾರದಿಂದ ಯಾರೋ ನಕ್ಷೆ ತರುತ್ತಾರಂತೆ ಎಂದ ಕೂಡಲೇ ಎರಡನೆಯ ಡಿಕ್ಲರೇಶನ್ ಬಂತು ಎಂದು ಪ್ರತಿಯೊಬ್ಬನೂ ಗ್ರಹಿಸಿ, ತನ್ನ ನೆಲ ತನ್ನದೇ ಎಂದು ತೋರಿಸಲು ಸಜ್ಜಾಗಿ ಬಂದಿದ್ದ. ಸಿಕ್ಕಿದ್ದನ್ನು ಕಳೆದುಕೊಳ್ಳುವ ಹೆದರಿಕೆ ಅವರಿಗೆ. ಹೋದದ್ದು ತಿರುಗಿ ಬಂದೀತೋ ಎಂಬ, ಬಾಯಲ್ಲಿ ಹೇಳಲಾಗದ ಒಂದು ಎಳೆ ಆಸೆ ಅರಿಗರಿಗೆ. ಅವರ ಕಿಸೆಯೂ ಉಬ್ಬಿತ್ತು. ಅದನ್ನು ಯಾರಾದರೂ ನೋಡಿದರೇ ಎಂದು ತಿರುಗಿದಾಗ ಬಾಗಿಲಿನ ಆಚೆ, ಜಗಲಿಯಲ್ಲಿ, ದಾರಂದದ ಚೌಕಟ್ಟಿಗೆ ಕೈಯೂರಿ ನಿಂತಿದ್ದ ತುಕ್ರಪ್ಪನ ಕಣ್ಣು ತಮ್ಮ ಕಿಸೆಯ ಮೇಲೇ ಇತ್ತು.

ತುಕ್ರಪ್ಪ ಅವರ ಒಕ್ಕಲಾಗಿದ್ದವನು. ಡಿಕ್ಲರೇಶನಿನ ವಿಚಾರಣೆಯ ದಿನ ತಾಲೂಕು ಕಚೇರಿಯ ಪಡಸಾಲೆಯಲ್ಲಿ ಇದ್ದ ಒಂದೇ ಬೆಂಚಿನ ಎರಡು ತುದಿಗಳಲ್ಲಿ ಇಬ್ಬರೂ ಅರ್ಧ ದಿನ ಕುಳಿತಿದ್ದರು, ಇಬ್ಬರೂ ಎದುರಿನ ಗೋಡೆಯ ಕ್ಯಾಲೆಂಡರ್ ನೋಡುತ್ತ. ಜವಾನ ಹೊರಗೆ ಬಂದು “ಜಯವರ್ಮ ಅರಿಗ, ಜಯವರ್ಮ ಅರಿಗ” ಎಂದು ಬಹುವಚನವಿಲ್ಲದೆ ಕೂಗಿದಾಗ ಎದ್ದುನಿಂತವನು ತುಕ್ರಪ್ಪ. ತನ್ನ ಹೆಸರಲ್ಲ ಎಂದು ಗೊತ್ತಿದ್ದೂ, ಧಣಿ ಏಳುವಾಗ ಏಳುವ ಅಭ್ಯಾಸದಿಂದ. ಎದ್ದವನು ನಾಚಿ ಕೂತ. ತೀರ್ಮಾನ ಆದ ಮೇಲೆ ಅವನು ಅರಿಗರನ್ನು ಧಣಿ ಎಂದು ಕರೆಯುವುದನ್ನು ಬಿಟ್ಟ; ಬೇರೆ ಏನೆಂದೂ ಕರೆಯಲಿಲ್ಲ. ದಾರಿಯಲ್ಲಿ ಎದುರಾದರೆ ಇಬ್ಬರೂ ಆಕಾಶದ ಕಡೆ ನೋಡಿ ಮೋಡದ ವಿಚಾರ ಹೇಳುತ್ತಿದ್ದರು, ಮೋಡಕ್ಕೇ ಹೇಳಿದ ಹಾಗೆ.

“ಈ ಬಣ್ಣ ಹಾಕಿದ್ದು ಯಾರು?” ಎಂದು ತುಕ್ರಪ್ಪ ಜಗಲಿಯಿಂದಲೇ ಕೇಳಿದ.

“ವಿಮಾನದಿಂದ ತೆಗೆದ ಫೋಟೋ ನೋಡಿ, ಮತ್ತೆ ಅಲ್ಲಲ್ಲಿ ಗುಂಡಿ ತೋಡಿ, ಮಣ್ಣು ಪರೀಕ್ಷೆ ಮಾಡಿ ಹಾಕಿದ್ದು.”

“ನನ್ನ ಜಾಗೆಯಲ್ಲಿ ಗುಂಡಿ ತೋಡಿದ್ದು ನೀವಾ? ನಾನು ಯಾರೋ ಗಡಿಕಲ್ಲು ಹಾಕ್ಲಿಕ್ಕೆ ಬಂದದ್ದು ಅಂತ ಗ್ರಹಿಸಿದೆ. ಅದೇ ದಿನ ಮುಚ್ಚಿಬಿಟ್ಟೆ.”

ಮತ್ತೆ ನಗು. ಉದಯಶಂಕರನೂ ನಕ್ಕ, ನಕ್ಕದ್ದು ಸೋತವನ ನಗೆ. ಅವನು ಬಣ್ಣಗಳ ಅರ್ಥ ಹೇಳತೊಡಗಿದ. ಕಂದು ಗೆರೆ ಒತ್ತೊತ್ತಾಗಿ ಇದ್ದರೆ ಕಡಿದಾದ ಗುಡ್ಡ, ದೂರ ದೂರ ಇದ್ದರೆ ಸಮ. ಕೆಂಪು ಇರುವಲ್ಲಿ ಅಡಿಯಲ್ಲಿ ಹಾಸುಬಂಡೆಯಂಥ ಪಾದೆಕಲ್ಲು, ನೀರು ಇಳಿಯುವುದಿಲ್ಲ. ನೀಲಿ ಇರುವಲ್ಲಿ ಆಳವಾದ ಮಣ್ಣು, ನೀರು ನಿಲ್ಲಿಸಿದರೆ ಒಳಗೆ ಹೋಗಿ ಬಾವಿಗಳಿಗೆ ಸೇರುತ್ತದೆ. ಯಾರೂ ಕೇಳುತ್ತಿರಲಿಲ್ಲ. ಮನೆಯಿಲ್ಲದ ನಕ್ಷೆಯಿಂದ ಯಾರಿಗೂ ಅಪಾಯವಿಲ್ಲ ಎಂದು ಖಾತ್ರಿಯಾದ ಮೇಲೆ ಅದು ಯಾರಿಗೂ ಬೇಡವಾಗಿತ್ತು. ಅರಿಗರು ಮಾತ್ರ ಕೇಳುತ್ತಿದ್ದರು. ಅವರ ಕಣ್ಣು ತೋಡಿನ ನೀಲಿ ಗೆರೆಯನ್ನು ಹಿಡಿದು ಕೆಳಗಿನಿಂದ ಮೇಲಕ್ಕೆ ಹೊರಟಿತ್ತು. ಒಂದು ಕಡೆ ಗೆರೆ ಮೊಣಕೈಯ ಹಾಗೆ ಬಾಗಿತ್ತು. ಅರೆ, ಇದು ನಮ್ಮ ತಿರುವು. ಪರವೂರಿನ ಬಸ್ಸಿನಲ್ಲಿ ಹತ್ತಿರದ ನೆಂಟರೊಬ್ಬರು ಎದುರಿಗೆ ಕೂತಿದ್ದುದು ತಡವಾಗಿ ಗೊತ್ತಾದ ಹಾಗೆ ಅವರಿಗೆ ಖುಷಿಯೂ ಸಂಕೋಚವೂ ಒಟ್ಟಿಗೇ ಆಯಿತು. ನೀರು ನಿಲ್ಲಿಸಲು ತೋಡಿಗೆ ಅಡ್ಡವಾಗಿ ಹಳೆಯ ಕಟ್ಟ ಕಟ್ಟುತ್ತಿದ್ದ ಜಾಗ. ಅಲ್ಲಿ ಈ ದಡದಿಂದ ಆ ದಡದವರೆಗೆ ಕೆಂಪು.

ಅರಿಗರು ಅದನ್ನು ಮತ್ತೊಮ್ಮೆ ನೋಡಿದರು. ಕೆಂಪೇ. ಅವರ ಸೋದರಮಾವನ ಕಾಲದಲ್ಲಿ, ಆ ಮಾವನ ಮಾವನ ಕಾಲದಲ್ಲಿ, ಮಳೆಗಾಲದ ನೀರು ಇಳಿದು ಇಬ್ಬನಿ ಶುರುವಾಗುವ ಹೊತ್ತಿಗೆ ಮನೆಯಿಂದ ಆಳು ಹೋಗಿ ಊರಿಗೆ ಹೇಳಿಕೆ ಕೊಡುತ್ತಿದ್ದ: ಇಂಥ ದಿನ ಕಟ್ಟ, ಮನೆಗೊಂದು ಜನ. ಕಟ್ಟದ ತಲೆ, ಎಂದರೆ ಮೊದಲ ಗೂಟ ಹೂಳುವ ದಡ, ಯಾರ ಜಾಗೆಯಲ್ಲೋ ಹೇಳಿಕೆ ಅವರ ಮನೆಯಿಂದ ಹೋಗಬೇಕು, ಅದು ಕ್ರಮ. ಮರುದಿನ ಬೆಳಗ್ಗೆ ತೋಡಿನಲ್ಲಿ ಜನವೋ ಜನ. ಬಿದಿರಿನ ಗೂಟ, ಸೊಪ್ಪು, ಕಲ್ಲು, ಜೇಡಿಮಣ್ಣು. ಮುಂದಿನ ಮಳೆಗೆ ಕೊಚ್ಚಿಕೊಂಡು ಹೋಗುವ ಒಂದು ಗೋಡೆಗಾಗಿ ಅಷ್ಟೊಂದು ಬೊಬ್ಬೆ. ಮಾವ ದಡದಲ್ಲಿ ಓಲೆಯ ಕೊಡೆಯ ಅಡಿಯಲ್ಲಿ ನಿಂತು ಸುಮ್ಮನೆ ನೋಡುತ್ತಿದ್ದರು. ಅವರು ನೋಡುವುದೂ ಕೆಲಸವೆಂದೇ ಲೆಕ್ಕ. ಪಕ್ಕದಲ್ಲಿ ನಿಂತ ಹುಡುಗ ಜಯವರ್ಮನಿಗೆ ಕೆಸರು ಮುಟ್ಟಲು ಅಪ್ಪಣೆ ಇರಲಿಲ್ಲ. ನೀರು ಎಲ್ಲಿಂದ ಬರುವುದು ಎಂದು ಅವನು ಕೇಳಿದ್ದ. ಮೇಲಿನಿಂದ ಎಂದಿದ್ದರು ಮಾವ. ಇಡೀ ಊರು ಸೇರಿ ನಿಲ್ಲಿಸಿದ ಆ ನೀರು ಪಾದೆಯ ಮೇಲೆ ನಿಂತು, ಯಾರ ಬಾವಿಗೂ ಇಳಿಯದೆ, ನೆಟ್ಟಗೆ ಕಾಲುವೆ ಹಿಡಿದು ಅರಿಗರ ಮನೆಯ ಬೈಲುಗದ್ದೆಗೆ ಬರುತ್ತಿತ್ತು. ಊರಿನ ಕಟ್ಟ ಎಂದು ಊರೇ ಕರೆಯುತ್ತಿತ್ತು. ಡಿಕ್ಲರೇಶನ್ ಆದ ವರ್ಷ ಅರಿಗರು ಹೇಳಿಕೆ ಕಳಿಸಲಿಲ್ಲ, ಕಳಿಸಿದರೆ ಯಾರೂ ಬರಲಿಕ್ಕಿಲ್ಲವೆಂಬ ಹೆದರಿಕೆಯಿಂದ. ಯಾಕೆ ಕಳಿಸಲಿಲ್ಲವೆಂದು ಯಾರೂ ಕೇಳಲಿಲ್ಲ. ಅಲ್ಲಿಗೆ ಕಟ್ಟ ನಿಂತುಹೋಯಿತು. ಮನೆಮನೆಗೆ ಪಂಪ್ ಬಂತು. ಕಳೆದ ಬೇಸಿಗೆಯಲ್ಲಿ ಪಂಪಿಗೂ ನೀರಿಲ್ಲದೆ ಹೆಂಗಸರು ಕೊಡ ಹಿಡಿದು ಬೈಲು ದಾಟಿದರು.

“ಇಲ್ಲಿ ಹಿಂದೆ ಕಟ್ಟ ಇತ್ತಂತೆ,” ಎನ್ನುತ್ತ ಉದಯಶಂಕರನ ಕೋಲು ಸರಿಯಾಗಿ ಆ ಕೆಂಪಿನ ಮೇಲೆ ಬಂದು ನಿಂತಿತು. “ಇದೇ ಜಾಗದಲ್ಲಿ ಪುನಃ ಕಟ್ಟುವ. ಕಲ್ಲು, ಮರಳಿನ ಚೀಲ ಇಲಾಖೆಯಿಂದ ಕೊಡ್ತೇವೆ, ಕೆಲಸ ಊರವರದ್ದು. ಅರಿಗರು ಒಮ್ಮೆ ಮನಸ್ಸು ಮಾಡಿ ಹೇಳಿಕೆ ಕಳಿಸಿದ್ರೆ ಆಯ್ತು.”

ಕೋಣೆಯಲ್ಲಿದ್ದ ತಲೆಗಳೆಲ್ಲ ಅವರ ಕಡೆ ತಿರುಗಿದವು. ಇಷ್ಟು ವರ್ಷಗಳ ನಂತರ ಹಾಗೆ ತಿರುಗಿದ ತಲೆಗಳನ್ನು ನೋಡಿ ಅರಿಗರ ಬೆನ್ನು, ಅವರನ್ನು ಕೇಳದೆಯೇ, ನೆಟ್ಟಗಾಯಿತು. ಅದು ಅವರಿಗೇ ಗೊತ್ತಾಗಿ ನಾಚಿಕೆಯೂ ಆಯಿತು. ಹೂಂ ಎಂದರೆ ಸಾಕು. ನಾಳೆಯೇ ಹೇಳಿಕೆ ಹೋಗುತ್ತದೆ, ಇವರೆಲ್ಲ ಬರುತ್ತಾರೆ, ಬಂದೇ ಬರುತ್ತಾರೆ; ಅವರು ಓಲೆಕೊಡೆಯಲ್ಲದಿದ್ದರೂ ಬಟ್ಟೆಯ ಕೊಡೆ ಹಿಡಿದು ದಡದಲ್ಲಿ ನಿಲ್ಲಬಹುದು. ಕೆಂಪಿನ ವಿಚಾರ ಯಾರಿಗೂ ಗೊತ್ತಿಲ್ಲ. ಉದಯಶಂಕರನೊಬ್ಬನಿಗೆ ಗೊತ್ತಿರಬೇಕು, ಅವನು ಯಾಕೆ ಹೀಗೆ ಹೇಳುತ್ತಿದ್ದಾನೆ? ಸಿಟ್ಟು ಬರಬೇಕಾದಲ್ಲಿ ಅವರಿಗೆ ಕುತೂಹಲವೇ ಮುಂದಾಯಿತು.

“ನೋಡುವ,” ಎಂದರು. ಸಭೆ ಅಲ್ಲಿಗೆ ಮುಗಿಯಿತು. ಬಾಗಿಲಿನ ಕಡೆ ನೋಡಿದರೆ ತುಕ್ರಪ್ಪ ಆಗಲೇ ಹೋಗಿದ್ದ.

ಎಲ್ಲರೂ ಹೋದ ಮೇಲೆ ಅರಿಗರು ಬೆಂಚಿನಿಂದ ಕಷ್ಟಪಟ್ಟು ಎದ್ದು ನಕ್ಷೆಯ ಹತ್ತಿರ ಹೋಗಿ ಬೆರಳಿಟ್ಟರು. “ಇಲ್ಲಿ ಕೆಂಪು ಉಂಟಲ್ಲ?”

ನಕ್ಷೆ ಸುತ್ತಲು ಬಂದ ಉದಯಶಂಕರ ಅಲ್ಲೇ ನಿಂತ. “ಉಂಟು.”

“ಇಲ್ಲಿ ನೀರು ನಿಂತ್ರೆ ಬಾವಿಗೆ ಇಳಿಯುವುದು ಹೇಗೆ?”

“ಇಳಿಯುವುದಿಲ್ಲ. ಕೆಳಗಿನ ಗದ್ದೆಗೆ ಹೋಗ್ತದೆ, ಅಷ್ಟೆ.” ಯಾರ ಗದ್ದೆಯೆಂದು ಅವನು ಹೇಳಲಿಲ್ಲ.

“ನೀಲಿ ಇರುವುದು ಇಲ್ಲಿ, ಮೇಲೆ. ತೋಡು ಸಪೂರ ಆಗುವಲ್ಲಿ. ಒಂದು ದಡ ಅಬ್ಬಾಸನದ್ದು, ಕಟ್ಟದ ತಲೆ ಬರುವ ಇನ್ನೊಂದು ದಡ ತುಕ್ರಪ್ಪನದ್ದು. ಅಲ್ಲಿ ಕಟ್ಟುವ ಅಂತ ಯಾಕೆ ಹೇಳ್ಲಿಲ್ಲ ನೀವು?”

ಹುಡುಗನ ಕಿವಿ ಕೆಂಪಾಯಿತು. ಹುಡುಗನೇ, ನೆರಿಯದ ಕಡೆಯ ಭಟ್ಟರ ಮನೆಯವನಂತೆ, ಮೀಸೆ ಬಂದದ್ದೇ ಸರ್ಕಾರಿ ಕೆಲಸ ಸಿಕ್ಕ ಮೇಲೆ ಇರಬೇಕು. “ತರಬೇತಿಯಲ್ಲಿ ನಮಗೆ ಹೇಳಿದ್ದು ಹಾಗೆ. ಮೊದಲು ಊರಿನ ದೊಡ್ಡ ಮನೆಯನ್ನು ಹಿಡಿಯಬೇಕು, ಉಳಿದವರು ತಾವಾಗಿ ಬರ್ತಾರೆ ಅಂತ. ಹಳೆಯ ಜಾಗ ಹೇಳಿದ್ರೆ ನಿಮಗೆ ಸಂತೋಷ ಆದೀತು ಅಂತ ನಾನು…” ಅವನು ಕೋಲನ್ನು ಗೋಡೆಗೆ ಒರಗಿಸಿದ. “ಎಷ್ಟು ಊರಿಗೆ ಇದನ್ನು ಹೊತ್ತುಕೊಂಡು ಹೋದೆ ಸರ್. ಎಲ್ಲರೂ ಮನೆ ಹುಡುಕ್ತಾರೆ, ಇಲ್ಲ ಅಂತ ಹೋಗ್ತಾರೆ. ಓದಿದವರು ನೀವು ಒಬ್ಬರೇ.”

ಈ ವಯಸ್ಸಿನಲ್ಲಿ, ಒಂದು ಪ್ರಾಥಮಿಕ ಶಾಲೆಯ ಕೋಣೆಯಲ್ಲಿ, ಓದಿದ್ದಕ್ಕೆ ಹೊಗಳಿಸಿಕೊಂಡದ್ದು ಅರಿಗರಿಗೆ ವಿಪರೀತ ಖುಷಿಯಾಯಿತು. ಅದನ್ನು ಅಡಗಿಸಲು ಅವರು ಕೆಮ್ಮಿದರು. ತಮ್ಮನ್ನು ಹಿಡಿಯಲು ಬಂದಿದ್ದನಂತೆ ಇವನು, ಕೋಳಿ ಹಿಡಿಯುವ ಹಾಗೆ. ಹಿಡಿಯಲು ಯೋಗ್ಯವಾದ ದೊಡ್ಡ ಮನೆ ಇನ್ನೂ ಉಂಟೆಂದು ಬಂಟ್ವಾಳದ ಕಚೇರಿಯಲ್ಲಿ ಯಾರೋ ನಂಬಿದ್ದಾರಲ್ಲ!

“ಸೋಮವಾರ ನಾನು ವರದಿ ಕೊಡ್ಬೇಕು,” ಎಂದ ಉದಯಶಂಕರ. “ನಾಳೆ ಭಾನುವಾರ, ಮೂಡುಬಿದಿರೆಯಲ್ಲೇ ಇರ್ತೇನೆ. ಹಳೆಯ ಜಾಗ ಅಂತ ಬರೆದ್ರೆ ಸುಲಭ. ಮೇಲಿನದ್ದು ಅಂತ ಬರೀಬೇಕಾದ್ರೆ ಎರಡೂ ದಡದವರ ಒಪ್ಪಿಗೆ ಬೇಕು. ಅಬ್ಬಾಸ್ ಒಪ್ಪಿಯಾರು. ತುಕ್ರಪ್ಪನವರು ನನ್ನ ಹತ್ತಿರ ಮಾತಾಡುವುದೇ ಇಲ್ಲ. ಈ ವರ್ಷ ತಪ್ಪಿದ್ರೆ ಹಣ ಬೇರೆ ಊರಿಗೆ ಹೋಗ್ತದೆ.”

ತುಕ್ರಪ್ಪನವರು. ಆ ‘ನವರು’ ಮನೆಯ ದಾರಿಯುದ್ದಕ್ಕೂ ಅರಿಗರ ಜೊತೆ ಬಂತು. ಅದರ ಮೇಲೆ ಕೋಪವೇನೂ ಇರಲಿಲ್ಲ. ಹೊಸ ಚಪ್ಪಲಿಯ ಹಾಗೆ ಎಲ್ಲಿ ಕಚ್ಚುತ್ತದೆಂದು ಅವರು ಹೆಜ್ಜೆ ಹೆಜ್ಜೆಗೂ ಗಮನಿಸಿದರು.

ಅಕ್ಕ ಪುಷ್ಪಾವತಿ ಬಡಿಸಲು ಕಾದಿದ್ದಳು. ಆಸ್ತಿ ಅವಳ ಕಡೆಯದ್ದು. ಇವರ ಪೈಕಿ, ಈ ಕಡೆಯ ಜೈನರಲ್ಲಿ, ಹೆಣ್ಣಿನ ಕಡೆಯಿಂದಲೇ ಆಸ್ತಿ ಇಳಿಯುವುದು. ಗಂಡಸು ಯಜಮಾನನೆಂದು ಹೆಸರು ಹೊತ್ತು ಅಕ್ಕತಂಗಿಯರ ನೆಲವನ್ನು ನೋಡಿಕೊಳ್ಳುತ್ತಾನೆ. ಹಾಗಾಗಿ ಅರಿಗರು ಕಳೆದುಕೊಂಡದ್ದು ತಮ್ಮದನ್ನಲ್ಲ, ಅಕ್ಕನದನ್ನು. ತನ್ನದು ಹೋದರೆ ಅಳಬಹುದು. ನೋಡಿಕೊಳ್ಳಲು ಕೊಟ್ಟದ್ದು ಹೋದರೆ ಅಳುವುದಕ್ಕೂ ಮುಖ ಬೇಕು. ಅಕ್ಕ ಒಂದು ದಿನವೂ ಆ ಮಾತು ಎತ್ತಿದವಳಲ್ಲ, ಅದೇ ಅವರಿಗೆ ಹೆಚ್ಚು ಕಷ್ಟವಾಗಿತ್ತು.

“ನಕ್ಷೆಯಲ್ಲಿ ನಮ್ಮ ಮನೆ ಉಂಟಾ?” ಎಂದಳು.

“ಇಲ್ಲ. ಯಾರದ್ದೂ ಇಲ್ಲ.”

“ಒಳ್ಳೆಯದಾಯ್ತು. ಮಾಡು ಸೋರುವುದು ಸರ್ಕಾರಕ್ಕೆ ಗೊತ್ತಾಗ್ಲಿಕ್ಕಿಲ್ಲ.”

ಅನ್ನದ ಮೇಲೆ ಸಾರು ಬೀಳುತ್ತಿದ್ದಂತೆ ಅರಿಗರು ಎಲ್ಲವನ್ನೂ ಹೇಳಿದರು: ಕೆಂಪು, ನೀಲಿ, ಹಳೆಯ ಜಾಗ, ಮೇಲಿನ ಜಾಗ. ಕಟ್ಟ ಮೇಲೆ ಹೋದರೆ ನಮ್ಮ ಬೈಲುಗದ್ದೆಗೆ ಬೇಸಿಗೆಯ ನೀರು ಬರುವುದಿಲ್ಲ, ವರ್ಷದ ಮೂರನೆಯ ಬೆಳೆ ಕೊಳಕೆ ಇನ್ನು ಆಗುವುದೇ ಇಲ್ಲ, ಗದ್ದೆ ನಿನ್ನದು, ನೀನು ಹೇಳಬೇಕು ಎಂದರು.

“ಕಟ್ಟ ನಿಂತ ಮೇಲೆ ನಾವು ಕೊಳಕೆ ಬೆಳೆದದ್ದು ಯಾವಾಗ?” ಎಂದಳು ಅಕ್ಕ. “ಇಲ್ಲದ ಬೆಳೆಯನ್ನು ಯಾರು ಕೊಯ್ದುಕೊಂಡು ಹೋಗುವುದು? ಜಯ, ನಿನಗೆ ಬೇಜಾರು ಗದ್ದೆಯ ಬಗ್ಗೆ ಅಲ್ಲ. ಕಟ್ಟ ಮೇಲೆ ಹೋದ್ರೆ ಹೇಳಿಕೆ ತುಕ್ರನ ಮನೆಯಿಂದ ಹೋಗ್ತದೆ. ಅದು ನಿನ್ನ ಸಂಕಟ.”

“ತುಕ್ರಪ್ಪ,” ಎಂದರು ಅರಿಗರು, ಯಾಕೆಂದು ತಿಳಿಯದೆ.

ಅಕ್ಕ ಅವರ ಮುಖವನ್ನು ಒಂದು ಗಳಿಗೆ ನೋಡಿದಳು. “ಹೊತ್ತು ಮುಳುಗುವ ಮೊದಲು ಊಟಕ್ಕೆ ಬಾ,” ಎಂದಳು. “ತಡ ಮಾಡಿದ್ರೆ ಉಪವಾಸವೇ.” ತಾವು ಎಲ್ಲಿಗೆ ಹೊರಟದ್ದೆಂದು ಅರಿಗರು ಇನ್ನೂ ಹೇಳಿರಲಿಲ್ಲ, ಹೇಳುವಷ್ಟು ಅವರಿಗೇ ಗೊತ್ತಿರಲಿಲ್ಲ.

ತೋಡಿನ ಬದಿಯಲ್ಲಿ ನಡೆಯುವಾಗ ಅವರಿಗೆ ತಾವು ಈ ದಾರಿಯಲ್ಲಿ ಒಮ್ಮೆಯೂ ಬಂದಿಲ್ಲವೆಂಬುದು ಗೊತ್ತಾಯಿತು. ಹಳೆಯ ತಿರುವಿನವರೆಗೆ ಕಣ್ಣುಮುಚ್ಚಿ ಬರಬಲ್ಲರು. ಅದರ ಆಚೆ ಬರೀ ‘ಮೇಲೆ’ ಆಗಿತ್ತು, ಗೇಣಿಯ ಅಕ್ಕಿ ಬರುತ್ತಿದ್ದ ದಿಕ್ಕು. ಯಾವ ಗದ್ದೆಯಿಂದ ಎಷ್ಟು ಮುಡಿ ಬರಬೇಕೆಂದು ಬಾಯಿಪಾಠ ಇತ್ತು, ಆ ಗದ್ದೆಯ ಅಂಚಿನಲ್ಲಿ ಹೊನ್ನೆಮರ ಉಂಟೆಂದು ಗೊತ್ತಿರಲಿಲ್ಲ. ತಿರುವಿನಲ್ಲಿ ಅವರು ಚಪ್ಪಲಿ ಕಳಚಿ ನೀರಿಗೆ ಇಳಿದು ಹೆಬ್ಬೆರಳಿನಿಂದ ಮರಳನ್ನು ಕೆದಕಿದರು. ಎರಡು ಬೆರಳು ಆಳಕ್ಕೆ ಪಾದೆ ಸಿಕ್ಕಿತು, ತಣ್ಣಗೆ, ನುಣ್ಣಗೆ. ಬಂಟ್ವಾಳದ ಕಚೇರಿಯಲ್ಲಿ ಕೂತು ಯಾರೋ ಬಳಿದ ಕೆಂಪು ತಮ್ಮ ಕಾಲಿಗೆ ತಾಗಿದ್ದು ಅವರಿಗೆ ಎಷ್ಟು ಸೋಜಿಗವಾಯಿತೆಂದರೆ ಅಲ್ಲೇ ನಿಂತು ನಕ್ಕುಬಿಟ್ಟರು. ಆಮೇಲೆ ಪ್ರತಿ ಹತ್ತು ಮಾರಿಗೊಮ್ಮೆ ನೀರಿಗೆ ಇಳಿದು ಕೆದಕುವುದೇ ಆಯಿತು. ಪಾದೆ, ಪಾದೆ, ಜಲ್ಲಿ, ಮತ್ತೆ ಪಾದೆ. ಪಂಚೆಯ ಅಂಚು ಒದ್ದೆಯಾಯಿತು. ಯಾರಾದರೂ ನೋಡಿದರೆ ಅರಿಗರ ತಲೆಗೆ ಏನೋ ಆಗಿದೆ ಎಂದಾರು. ಅನ್ನಲಿ, ಆಗಿಯೂ ಇರಬಹುದು. ತೋಡು ಸಪೂರವಾದಲ್ಲಿ ಅವರ ಕಾಲು ಒಮ್ಮೆಲೇ ಮೀನಖಂಡದವರೆಗೆ ಹೂತುಹೋಯಿತು. ಮೆತ್ತಗಿನ ಕಪ್ಪು ಮಣ್ಣು. ತೆಗೆದರೆ ಆ ಗುಳಿಯಲ್ಲಿ ನೀರು ಸುಳಿ ತಿರುಗಿ ಕೆಳಗೆ ಇಳಿಯಿತು. ಅವರು ಇನ್ನೊಂದು ಕಾಲನ್ನೂ ಇಟ್ಟರು. ಎರಡೂ ಕಾಲು ಹೂತು ನಿಂತುಕೊಂಡು, ಇಲ್ಲಿಂದ ಇಳಿಯುವ ನೀರು ಯಾರ ಯಾರ ಬಾವಿಯಲ್ಲಿ ಹೊರಗೆ ಬರಬಹುದೆಂದು ಯೋಚಿಸಿದರು. ಈ ಯೋಚನೆಯಲ್ಲಿ ಅವರಿಗೆ ಯಾವ ಲಾಭವೂ ಇರಲಿಲ್ಲ, ಆದರೆ ಬಹಳ ವರ್ಷಗಳ ನಂತರ ಯೋಚಿಸುವುದೇ ಹಿತವಾಗಿತ್ತು.

ಮೇಲೆ ನಾಯಿ ಬೊಗಳಿತು. ತುಕ್ರಪ್ಪನ ಮನೆ. ಅಜ್ಜನ ಕಾಲದಿಂದ ತಮ್ಮದೇ ನೆಲದಲ್ಲಿದ್ದ ಆ ಮನೆಗೆ ಯಾವ ಕಡೆಯಿಂದ ಹೋಗುವುದೆಂದು ಅರಿಗರಿಗೆ ತಿಳಿಯಲಿಲ್ಲ. ಹೋದದ್ದು ತಪ್ಪು ಕಡೆಯಿಂದ. ದನದ ಹಟ್ಟಿಯ ಹಿಂದೆ, ಗೊಬ್ಬರದ ರಾಶಿಯ ಪಕ್ಕದಲ್ಲಿ ಹೊರಬಿದ್ದರು. ಅಂಗಳದಲ್ಲಿ ಕೂತು ಪಂಪಿನ ಫುಟ್‌ವಾಲ್ವ್ ಬಿಚ್ಚುತ್ತಿದ್ದ ತುಕ್ರಪ್ಪ ತಲೆಯೆತ್ತಿ ನೋಡಿ, ಮೊಣಕಾಲಿನವರೆಗೆ ಕೆಸರಾಗಿ ಹಟ್ಟಿಯ ಕಡೆಯಿಂದ ಬಂದ ಹಳೆಯ ಧಣಿಯನ್ನು ಏನೆಂದು ಕರೆಯಬೇಕೆಂದು ತಿಳಿಯದೆ ಸುಮ್ಮನೆ ಎದ್ದುನಿಂತ.

“ತೋಡಿನಲ್ಲಿ ಬಂದೆ,” ಎಂದರು ಅರಿಗರು.

“ಹೌದಾ.”

ಅವನ ಹೆಂಡತಿ ಒಂದು ಸ್ಟೂಲು ತಂದಿಟ್ಟು ಒಳಗೆ ಹೋದಳು. ಬಂದವರಿಗೆ ಬೆಲ್ಲ ನೀರು ಕೊಡುವುದು ಎಲ್ಲ ಮನೆಯ ಕ್ರಮ, ಅರಿಗರು ಕಾದರು. ಬಂದದ್ದು ಎಳನೀರಿನ ಒಂದು ಬೊಂಡ, ಜೊತೆಗೆ ಕತ್ತಿ. ತುಕ್ರಪ್ಪ ಅದನ್ನು ಅವರ ಕಣ್ಣೆದುರೇ ಕೆತ್ತಿ ಕೊಟ್ಟ. ಎಳನೀರಿಗೆ ಯಾರ ಪಾತ್ರೆಯೂ ತಾಗುವುದಿಲ್ಲ, ಆದ್ದರಿಂದ ಯಾರ ಮನೆಯಲ್ಲಿ ಯಾರೂ ಕುಡಿಯಬಹುದು. ತಾವೇ ಮರೆತು ಬಂದ ಮಡಿಯನ್ನು ಇವರು ಇಷ್ಟು ಜೋಪಾನವಾಗಿ ಕಾಪಾಡಿ ಕೈಗೆ ಕೊಡುತ್ತಿದ್ದಾರೆ ಎನಿಸಿತು ಅರಿಗರಿಗೆ. ಬೇರೆ ಕೇಳುವ ಧೈರ್ಯ ಸಾಲದೆ ಅವರು ಅದನ್ನೇ ಕುಡಿದರು.

“ಕಟ್ಟ ಆ ಹುಡುಗ ಹೇಳಿದ ಜಾಗದಲ್ಲಿ ಅಲ್ಲ,” ಎಂದರು. ನೀನು ಎನ್ನಬೇಕೋ ನೀವು ಎನ್ನಬೇಕೋ ತಿಳಿಯದೆ ಎರಡನ್ನೂ ಬಿಟ್ಟು ಮಾತಾಡಿದರು. “ಅಲ್ಲಿ ಅಡಿಯಲ್ಲಿ ಪಾದೆ. ನೀರು ಇಳಿಯುವುದಿಲ್ಲ. ಈಗ ಕಾಲು ಹಾಕಿ ನೋಡಿ ಬಂದೆ. ಕಟ್ಟ ಆಗ್ಬೇಕಾದ್ದು ಇಲ್ಲಿ, ಈ ಜಾಗೆಯ ಕೆಳಗೆ. ನಕ್ಷೆಯಲ್ಲಿ ಹಾಗೆ ಉಂಟು.”

ತುಕ್ರಪ್ಪ ಫುಟ್‌ವಾಲ್ವನ್ನು ಕೈಯಲ್ಲಿ ತಿರುಗಿಸುತ್ತಿದ್ದ. “ಇಲ್ಲಿ ಕಟ್ಟಿದ್ರೆ ಕೆಳಗಿನ ಬೈಲಿಗೆ ನೀರು ಬರುವುದಿಲ್ಲ.”

“ಬರುವುದಿಲ್ಲ.”

“ಪುಷ್ಪಾವತಿ ಅಕ್ಕೆರೆಗೆ ಗೊತ್ತುಂಟಾ?”

“ಗೊತ್ತುಂಟು. ಒಪ್ಪಿದ್ದಾಳೆ.”

“ಮತ್ತೆ ಆಚೆ ಮನೆಗೆ ಇದರಲ್ಲಿ ಲಾಭ ಏನು?” ನಿಮ್ಮ ಮನೆ ಎನ್ನುವುದನ್ನು ತಪ್ಪಿಸಿ ಅವನು ಹಾಗೆ ಹೇಳಿದ.

ಅರಿಗರು ಉತ್ತರ ಹುಡುಕಿದರು. ಊರಿಗೆ ಒಳ್ಳೆಯದಾಗಲಿ ಎನ್ನಬಹುದಿತ್ತು, ಅದು ಮಾವನ ಕೊಡೆಯ ಅಡಿಯಿಂದ ಬಂದ ಮಾತಿನ ಹಾಗೆ ಕೇಳಿಸುತ್ತಿತ್ತು. ಹಿಂದಿನದ್ದಕ್ಕೆ ಪರಿಹಾರವೆನ್ನೋಣವೆಂದರೆ ಅಷ್ಟು ದೊಡ್ಡ ಮನಸ್ಸು ತಮಗಿಲ್ಲವೆಂದು ಅವರಿಗೇ ಗೊತ್ತು. ಹುಡುಕಿದಷ್ಟೂ ಒಳಗೆ ಇದ್ದದ್ದು ಒಂದೇ, ಅದನ್ನು ಹೇಳಲು ನಾಚಿಕೆ.

“ನೋಡ್ಬೇಕು ಅಂತ,” ಎಂದರು. “ಇಲ್ಲಿ ನಿಲ್ಲಿಸಿದ ನೀರು ಎಲ್ಲೆಲ್ಲಿಗೆ ಹೋಗ್ತದೆ ಅಂತ ನೋಡ್ಬೇಕು ನನಗೆ. ಬೇರೆ ಏನೂ ಇಲ್ಲ.”

ತುಕ್ರಪ್ಪ ಅವರ ಕಿಸೆಯ ಕಡೆ ನೋಡಿದ. ಅರಿಗರು ರಶೀದಿಯ ಕಟ್ಟನ್ನು ತೆಗೆದು ಜಗಲಿಯ ಅಂಚಿನಲ್ಲಿಟ್ಟರು. “ಇದು ತೀರ್ವೆಯದ್ದು. ಎಲ್ಲರ ಹಾಗೆ ನಾನೂ ತಪ್ಪು ತಿಳ್ಕೊಂಡೆ.” ತುಕ್ರಪ್ಪನ ಮುಖದಲ್ಲಿ ನಗೆಯಂಥದ್ದು ಬಂದು ಹೋಯಿತು. ತನ್ನ ಕಿಸೆಯನ್ನು ಒಮ್ಮೆ ತಟ್ಟಿದ. ಅಲ್ಲಿಯೂ ಪ್ಲಾಸ್ಟಿಕ್ ಸದ್ದಾಯಿತು.

“ಆದ್ರೆ ಒಂದು ಉಂಟು,” ಎಂದರು ಅರಿಗರು. “ಕಟ್ಟದ ತಲೆ ಈ ಜಾಗೆಯಲ್ಲಿ ಬಂದ್ರೆ ಹೇಳಿಕೆ ಇಲ್ಲಿಂದ ಹೋಗ್ಬೇಕು. ನಮ್ಮ ಮನೆಯಿಂದ ಅಲ್ಲ.”

ಇದನ್ನು ಹೇಳಿ ಮುಗಿಸಿದಾಗ ಅವರಿಗೆ ಏನೋ ಕಳಚಿ ಬಿದ್ದ ಹಾಗೂ ಆಯಿತು, ಚಳಿಯಾದ ಹಾಗೂ ಆಯಿತು. ತುಕ್ರಪ್ಪ ಫುಟ್‌ವಾಲ್ವನ್ನು ನೆಲದ ಮೇಲಿಟ್ಟ.

“ನಾನು ಹೇಳಿಕೆ ಕೊಟ್ರೆ ಅಬ್ಬಾಸ್ ಬರ್ತಾನೆ,” ಎಂದ. “ಉಳಿದವರು? ಇವನೇನು ದೊಡ್ಡ ಧಣಿಯಾ ಅಂತ ಹೇಳಿದ್ರೆ? ಬೆಳಿಗ್ಗೆ ತೋಡಿಗೆ ಹೋಗಿ ನಾನೊಬ್ಬನೇ ನಿಂತ್ರೆ?”

ಆ ಹೆದರಿಕೆಯನ್ನು ಅರಿಗರು ಚೆನ್ನಾಗಿ ಬಲ್ಲರು. ಇಷ್ಟು ವರ್ಷ ಅದರ ಜೊತೆಗೇ ಮಲಗಿ ಎದ್ದವರು. ಅದು ತಮ್ಮ ಮನೆಯದ್ದು ಮಾತ್ರವೆಂದು ತಿಳಿದಿದ್ದರು. ಬರ್ತಾರೆ ಎಂದು ಧೈರ್ಯ ಹೇಳೋಣವೆಂದರೆ ಅದು ತಮಗೇ ಗೊತ್ತಿಲ್ಲ. ಬಿಸಿಲು ಅಂಗಳದ ಅಂಚಿಗೆ ಸರಿದಿತ್ತು. ಒಳಗೆ ಹೆಂಗಸು ಏನೋ ಕೇಳಿದಳು, ತುಕ್ರಪ್ಪ ಏನೋ ಹೇಳಿದ, ಎದ್ದು ಒಳಗೆ ಹೋದ. ಹೋದವನು ಬೇಗ ಬರಲಿಲ್ಲ. ಇದೇ ಉತ್ತರವಿರಬೇಕು, ಎದ್ದು ಹೋಗಬೇಕೆಂದು ಸೂಚನೆಯಿರಬೇಕು ಎಂದು ಅರಿಗರು ರಶೀದಿಗಳನ್ನು ಎತ್ತಿಕೊಂಡು ನಿಂತರು.

ತುಕ್ರಪ್ಪ ಹೊರಗೆ ಬಂದ. ಕೈಯ ಎಣ್ಣೆ ತೊಳೆದುಕೊಂಡಿದ್ದ. ಇಸ್ತ್ರಿಯ ಗೆರೆ ಇನ್ನೂ ಇದ್ದ ಬಿಳಿ ಅಂಗಿ ಹಾಕಿ, ಹೆಗಲಿಗೆ ಶಾಲು ಹೊದ್ದಿದ್ದ, ಮದುವೆಗೆ ಕರೆಯಲು ಹೊರಟವನ ಹಾಗೆ. ಜಗಲಿಯಿಂದ ಇಳಿದು, ಅಂಗಳದಲ್ಲಿ ಅವರ ಎದುರಿಗೆ ಬಂದು, ಇಬ್ಬರ ಎತ್ತರವೂ ಒಂದೇ ಆಗುವಲ್ಲಿ ನಿಂತ. ಮೊದಲು ಗಂಟಲು ಸರಿಮಾಡಿಕೊಂಡ. ಮಾತು ಅಭ್ಯಾಸವಿಲ್ಲದ್ದರಿಂದ ಸ್ವಲ್ಪ ಗಟ್ಟಿಯಾಗಿಯೇ ಬಂತು.

“ಅರಿಗರೇ, ಬರುವ ಶುಕ್ರವಾರ ಕಟ್ಟ. ನಮ್ಮ ಮನೆಯಿಂದ ಹೇಳಿಕೆ. ಮನೆಗೊಂದು ಜನ.” ಇಷ್ಟು ಹೇಳಿ ನಿಲ್ಲಿಸಿ, ಅವರ ಮುಖವನ್ನು ನೇರವಾಗಿ ನೋಡಿ ಕೇಳಿದ: “ನಿಮ್ಮ ಮನೆಯಿಂದ ಯಾರು?”

ಅರಿಗರ ಮನೆಯಿಂದ ಕಟ್ಟಕ್ಕೆ ಎಂದೂ ಯಾರೂ ಹೋದದ್ದಿಲ್ಲ. ಅಕ್ಕನ ಮಗ, ಅಳಿಯ ಹೇಮರಾಜ ಬಂಟ್ವಾಳದ ಕೋರ್ಟಿನಲ್ಲಿ ವಕೀಲ, ಅವನು ಬರುವವನಲ್ಲ. ಆಳುಗಳು ಬಿಟ್ಟುಹೋಗಿ ಕಾಲವಾಯಿತು. ಕೂಲಿಗೆ ಜನ ಕಳಿಸುತ್ತೇನೆ ಎನ್ನಬಹುದು. ತುಕ್ರಪ್ಪ ಕಾಯುತ್ತಿದ್ದ, ಶಾಲಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.

“ನಾನು,” ಎಂದರು ಅರಿಗರು.

ತುಕ್ರಪ್ಪ ನಗಲಿಲ್ಲ. ಅವರ ಕೆಸರಾದ ಕಾಲನ್ನು, ಒದ್ದೆ ಪಂಚೆಯನ್ನು, ಬಿಳಿಚಿದ ಅಂಗೈಗಳನ್ನು ಒಮ್ಮೆ ನೋಡಿದ.

“ಬರುವಾಗ ಹಾರೆ ತನ್ನಿ,” ಎಂದ. “ಬಿಸಿಲು ಏರಿದ ಮೇಲೆ ಬಂದ್ರೆ ಆಗ್ಲಿಕ್ಕಿಲ್ಲ.”